ಫೆಬ್ರವರಿಯ ಪಿಯರ್ ಜುಲೈವರೆಗೆ ಕಲ್ಲಿನ ಹಾಗೆ ಉಳಿಯೋದು ಹೇಗೆ?

ಈ ಮಳೆಗಾಲದಲ್ಲಿ ಮಂಗ್ಳೂರಿನ ಹಂಪನಕಟ್ಟೆ ಕಡೆ ಹಣ್ಣಿನ ಅಂಗಡಿಯಲ್ಲಿ ಪಿಯರ್ ಕಂಡ್ರೆ ಸ್ಟಿಕ್ಕರ್ ಒಮ್ಮೆ ಓದಿ ನೋಡಿ. ಸೌತ್ ಆಫ್ರಿಕಾದ ಪ್ಯಾಕಮ್ ಅಥವಾ ಫೊರೆಲ್ ಅಂತ ಇದ್ರೆ ಆ ಹಣ್ಣು ಮರದಿಂದ ಇಳಿದದ್ದು ಫೆಬ್ರವರಿ-ಮಾರ್ಚಲ್ಲಿ. ಅಂದ್ರೆ ನಾಲ್ಕೈದು ತಿಂಗಳು ಆಗಿದೆ, ಆದ್ರೂ ತೊಟ್ಟು ಹಸಿ ಉಂಟು, ಸಿಪ್ಪೆ ಸುಕ್ಕಾಗಿಲ್ಲ, ಬೆರಳಲ್ಲಿ ಒತ್ತಿದ್ರೆ ಒಳಗೆ ಹೋಗುವುದಿಲ್ಲ. ನಾವಿಲ್ಲಿ ಒಂದು ಗೊನೆ ಕದಳಿ ಬಾಳೆಯನ್ನು ಒಂದು ವಾರ ಇಡ್ಲಿಕ್ಕೆ ಪರದಾಡುವವರು, ಹಾಗಾಗಿ ಎಲ್ಲರದ್ದೂ ಒಂದೇ ಪ್ರಶ್ನೆ, "ಎಂತ ಕೆಮಿಕಲ್ ಹಾಕ್ತಾರೆ ಮಾರಾಯ್ರೆ ಅದಕ್ಕೆ?"

ನನ್ನ ಕೆಲಸ ಕೋಲ್ಡ್ ರೂಮ್ ರಿಪೇರಿ. ಜಾಸ್ತಿ ಮಲ್ಪೆ, ಬಂದರು ಕಡೆ ಮೀನಿನವರದ್ದು, ಮಧ್ಯೆ ಮಧ್ಯೆ ಹಣ್ಣಿನವರದ್ದೂ ಬರ್ತದೆ. ಕೆಮಿಕಲ್ ಒಂದುಂಟು, ಅದನ್ನು ಆಮೇಲೆ ಹೇಳ್ತೇನೆ, ಆದ್ರೆ ನೂರಕ್ಕೆ ತೊಂಬತ್ತು ಪಾಲು ಕೆಲಸ ಮಾಡೋದು ಚಳಿ, ತೇವ ಮತ್ತೆ ಗಾಳಿ, ಈ ಮೂರೇ. ಮತ್ತೆ ಇದ್ರಲ್ಲಿ ಒಂದು ತಮಾಷೆ ಎಂತ ಹೇಳಿದ್ರೆ, ಪಿಯರಿಗೆ ಚಳಿ ಕೊಡೋದು ಹಣ್ಣಾಗದ ಹಾಗೆ ತಡೀಲಿಕ್ಕೆ ಮಾತ್ರ ಅಲ್ಲ, ಚಳಿ ಸಿಗದಿದ್ರೆ ಅದು ಸರಿಯಾಗಿ ಹಣ್ಣಾಗುವುದೇ ಇಲ್ಲ.

ಮೊದಲು ಮೀನಿಗೂ ಹಣ್ಣಿಗೂ ಇರೋ ವ್ಯತ್ಯಾಸ ಹೇಳ್ಬೇಕು, ಯಾಕಂದ್ರೆ ನಮ್ಮೂರಲ್ಲಿ ಕೋಲ್ಡ್ ಸ್ಟೋರೇಜ್ ಅಂದ್ರೆ ಎಲ್ಲರ ತಲೆಗೆ ಬರೋದು ಮೀನೇ. ಮೀನು ಸತ್ತಾಗಿದೆ. ಮೈನಸ್ 18ರಲ್ಲಿ ಕಟ್ಟಿಗೆ ಮಾಡಿ ಇಟ್ರೆ ಬ್ಯಾಕ್ಟೀರಿಯಾದ ಕೆಲಸ ನಿಂತ್ಹೋಗ್ತದೆ, ಮುಗೀತು. ಪಿಯರ್ ಹಾಗಲ್ಲ, ಕೊಯ್ದ ಮೇಲೂ ಜೀವ ಇರ್ತದೆ, ಉಸಿರಾಡ್ತಾ ಇರ್ತದೆ, ಆಕ್ಸಿಜನ್ ತಗೊಂಡು ತನ್ನದೇ ಸಕ್ಕರೆಯನ್ನು ಉರಿಸಿ ಕಾರ್ಬನ್ ಡೈಆಕ್ಸೈಡು ಮತ್ತೆ ಬಿಸಿ ಹೊರಗೆ ಬಿಡ್ತದೆ. ಅದನ್ನು ಮೀನಿನ ಹಾಗೆ ಫ್ರೀಜ್ ಮಾಡಿದ್ರೆ ಒಳಗಿನ ಜೀವಕೋಶ ಎಲ್ಲ ಒಡೆದು, ಹೊರಗೆ ತೆಗೆದ ಮೇಲೆ ನೀರು ನೀರಾಗಿ ಕಂದು ಬಣ್ಣಕ್ಕೆ ತಿರುಗ್ತದೆ. ಅಂದ್ರೆ ಸಾಯ್ಲಿಕ್ಕೆ ಬಿಡಬಾರದು, ಆದ್ರೆ ಬದುಕಿನ ಸ್ಪೀಡ್ ಆದಷ್ಟು ಕಮ್ಮಿ ಮಾಡ್ಬೇಕು.

ಶುರುವಾಗೋದು ತೋಟದಲ್ಲೇ. ಬಾರ್ಟ್ಲೆಟ್, ಆಂಜೂ, ಪ್ಯಾಕಮ್, ಕಾನ್ಫರೆನ್ಸ್ ಅಂತ ಬರೋ ಯುರೋಪ್ ಜಾತಿಯ ಪಿಯರನ್ನು ಮರದಲ್ಲೇ ಹಣ್ಣಾಗ್ಲಿಕ್ಕೆ ಬಿಡುವುದಿಲ್ಲ. ಅದು ಒಳಗಿಂದ ಹೊರಗೆ ಹಣ್ಣಾಗೋದು, ಹಾಗಾಗಿ ಮರದಲ್ಲೇ ಬಿಟ್ರೆ ಹೊರಗೆ ಮೆತ್ತಗಾಗೋ ಹೊತ್ತಿಗೆ ಬೀಜದ ಸುತ್ತ ಕಂದಾಗಿ ಕೊಳೆಯೋ ಹಂತ, ಮೇಲಿಂದ ತಿನ್ನುವಾಗ ಮರಳು ಮರಳು. ಆದ್ರಿಂದ ಬಲಿತ ಮೇಲೆ, ಗಟ್ಟಿ ಇರುವಾಗಲೇ ಕೊಯ್ಯೋದು. ಬಲಿತದ್ದು ಗೊತ್ತಾಗ್ಲಿಕ್ಕೆ ಪೆನೆಟ್ರೋಮೀಟರ್ ಅಂತ ಒಂದು ಸಣ್ಣ ಸಾಧನ ಉಂಟು, ಹಣ್ಣಿನ ಕೆನ್ನೆಯಲ್ಲಿ ಒಂದು ಚೂರು ಸಿಪ್ಪೆ ಕೆತ್ತಿ 8 ಮಿಲಿಮೀಟರ್ ದಪ್ಪದ ಕಡ್ಡಿಯನ್ನು ಒತ್ತಿ ಎಷ್ಟು ಒತ್ತಡಕ್ಕೆ ಒಳಗೆ ಹೋಯ್ತು ಅಂತ ನೋಡೋದು. ಬಾರ್ಟ್ಲೆಟ್ ಸುಮಾರು 17ರಿಂದ 19 ಪೌಂಡಲ್ಲಿ ಕೊಯ್ತಾರೆ, ಆಂಜೂ 13ರಿಂದ 15ರಲ್ಲಿ. ತಿನ್ನೋ ಹದಕ್ಕೆ ಬಂದಾಗ ಅದೇ ಹಣ್ಣು ಮೂರ್ನಾಲ್ಕು ಪೌಂಡಿಗೆ ಇಳಿದಿರ್ತದೆ. ಬೇಗ ಕೊಯ್ದ್ರೆ ಸ್ಟೋರಲ್ಲಿ ಸುಕ್ಕಾಗ್ತದೆ, ರುಚಿಯೂ ಬರುವುದಿಲ್ಲ. ತಡ ಮಾಡಿದ್ರೆ ಬಾಳಿಕೆ ಇಲ್ಲ, ಬೀಜದ ಕಡೆಯಿಂದ ಕೆಡ್ತದೆ. ಕೋಲ್ಡ್ ರೂಮಿಗೆ ಎಷ್ಟು ಕೋಟಿ ಹಾಕಿದ್ರೂ ತಪ್ಪು ಹೊತ್ತಲ್ಲಿ ಕೊಯ್ದದ್ದನ್ನು ಅದು ಸರಿ ಮಾಡುವುದಿಲ್ಲ.

ಇನ್ನು ಎಥಿಲೀನ್ ಅನ್ನೋ ಗ್ಯಾಸಿನ ವಿಷಯ. ನಮ್ಮ ಹಿರಿಯರು ಬಾಳೆಗೊನೆಗೆ ಹೊಗೆ ಹಾಕ್ತಿದ್ರು, ಮಾವಿನಕಾಯಿ ಬೈಹುಲ್ಲಲ್ಲಿ ಹುಗೀತಿದ್ರು, ಅದ್ರ ಹಿಂದೆ ಇದ್ದದ್ದು ಇದೇ ಗ್ಯಾಸ್, ಹೊಗೆಯಲ್ಲೂ ಇರ್ತದೆ, ಹಣ್ಣು ತಾನೇ ಬಿಡೋದೂ ಇದನ್ನೇ. ಒಂದು ಹಣ್ಣು ಎಥಿಲೀನ್ ಬಿಡ್ಲಿಕ್ಕೆ ಶುರು ಮಾಡಿದ್ರೆ ಅದೇ ಗ್ಯಾಸ್ ಇನ್ನಷ್ಟು ಎಥಿಲೀನ್ ಮಾಡ್ಲಿಕ್ಕೆ ಹೇಳ್ತದೆ, ಪಕ್ಕದ ಹಣ್ಣಿಗೂ ಹೇಳ್ತದೆ, ಹೀಗೆ ಒಂದೇ ಸಲ ಇಡೀ ಲಾಟ್ ಎದ್ದು ಕೂತ್ಕೊಳ್ತದೆ. ಚಳಿಯಲ್ಲಿ ಉಸಿರಾಟವೂ ನಿಧಾನ, ಎಥಿಲೀನೂ ನಿಧಾನ, ಇಷ್ಟು ಎಲ್ಲ ಹಣ್ಣಿಗೂ ಹೆಚ್ಚುಕಮ್ಮಿ ಒಂದೇ.

ಪಿಯರ್ ಬೇರೆ ಆಗೋದು ಇಲ್ಲಿ. ಈಗಷ್ಟೇ ಕೊಯ್ದ ಆಂಜೂ ಪಿಯರನ್ನು ಹಾಗೇ ಟೇಬಲ್ ಮೇಲಿಟ್ರೆ ಅದು ವಾರಗಟ್ಲೆ ಸುಮ್ಮನೆ ಕೂತಿರ್ತದೆ, ಕೊನೆಗೆ ಬಾಡ್ತದೆ, ಬೆಣ್ಣೆಯಂಥ ಆ ಮೆತ್ತಗೆ ಬರುವುದಿಲ್ಲ. ಅದಕ್ಕೆ ಮೈನಸ್ 1ರ ಹತ್ರ ಸುಮಾರು 60 ದಿನ ಬೇಕು, ಆವಾಗ ಒಳಗೆ ಎಥಿಲೀನ್ ತಯಾರು ಮಾಡೋ ಎನ್‌ಜೈಮುಗಳು ರೆಡಿ ಆಗ್ತವೆ, ಆಮೇಲೆ ಬೆಚ್ಚಗಿನ ಜಾಗಕ್ಕೆ ತಂದ್ರೆ ನಾಲ್ಕೈದು ದಿನದಲ್ಲಿ ಹಣ್ಣು. ಬಾರ್ಟ್ಲೆಟ್ಟಿಗೆ ಎರಡು ಮೂರು ವಾರ ಸಾಕು, ಕೋಮಿಸಿಗೆ ಒಂದು ತಿಂಗಳು. ಫೊರೆಲ್ ಅಂತೂ ಇನ್ನೂ ಹಠ, ಸೌತ್ ಆಫ್ರಿಕಾದಲ್ಲಿ ಅದನ್ನು 12 ವಾರ ಮೈನಸ್ ಅರ್ಧ ಡಿಗ್ರಿಯಲ್ಲಿ ಇಟ್ಟೇ ಮಾರಬೇಕು ಅಂತ ನಿಯಮ ಇಟ್ಕೊಂಡಿದ್ದಾರೆ, ಇಲ್ಲದಿದ್ರೆ ಬಾಯಲ್ಲಿ ಹಿಟ್ಟು ಹಿಟ್ಟು. ಹಾಗಾಗಿ "ಇದು ಹಳೇ ಸ್ಟಾಕ್" ಅಂತ ಪಿಯರಿಗೆ ಬೈಯೋದ್ರಲ್ಲಿ ಅರ್ಥ ಇಲ್ಲ, ಹಳತಾಗ್ಲೇಬೇಕು. ಆದ್ರೆ ಮಿತಿ ಉಂಟು. ಬರೀ ಚಳಿಯಲ್ಲಿ, ಗಾಳಿಯ ಆಟ (ಅದನ್ನು ಮುಂದೆ ಹೇಳ್ತೇನೆ) ಏನೂ ಮಾಡದೆ ಇಟ್ರೆ ಬಾರ್ಟ್ಲೆಟ್ ಮೂರು ತಿಂಗಳು, ಆಂಜೂ ಆರೇಳು ತಿಂಗಳು. ಅದನ್ನು ದಾಟಿದ್ರೆ ನೋಡ್ಲಿಕ್ಕೆ ಚಂದ ಇರ್ತದೆ, ಬಣ್ಣ ಹಳದಿಗೆ ತಿರುಗ್ತದೆ, ಆದ್ರೆ ಮೆತ್ತಗಾಗೋ ಶಕ್ತಿಯೇ ಹೋಗಿರ್ತದೆ, ಹೊರಗಿಟ್ರೆ ಸಿಪ್ಪೆ ಕಪ್ಪಾಗ್ತದೆ ಅಷ್ಟೆ.

ಈಗ ನನ್ನ ಕಸುಬಿನ ಭಾಗ. ಪಿಯರಿಗೆ ಬೇಕಾದದ್ದು ಮೈನಸ್ 1ರಿಂದ 0 ಡಿಗ್ರಿ. ಅದು ಫ್ರೀಜ್ ಆಗೋದು ಮೈನಸ್ ಒಂದೂವರೆಯ ಹತ್ರ, ಒಳಗೆ ಸಕ್ಕರೆ ಇರೋದ್ರಿಂದ ನೀರಿನ ಹಾಗೆ ಸೊನ್ನೆಗೇ ಕಟ್ಟುವುದಿಲ್ಲ. ಅಂದ್ರೆ ಸುರಕ್ಷಿತ ಜಾಗಕ್ಕೂ ಸಾವಿಗೂ ನಡುವೆ ಇರೋದು ಅರ್ಧ ಡಿಗ್ರಿ. ಹಾಗಾದ್ರೆ ಪ್ಲಸ್ 2ಕ್ಕೆ ಇಟ್ಟು ನಿಶ್ಚಿಂತೆಯಾಗಿ ಮಲ್ಕೊಳ್ಬಹುದಲ್ಲ ಅಂದ್ರೆ ಆಗುವುದಿಲ್ಲ. ಮೈನಸ್ 1ರಲ್ಲಿ ಇಟ್ಟ ಬಾರ್ಟ್ಲೆಟ್ಟು, ಆಂಜೂ ಎರಡೂ 0ಯಲ್ಲಿ ಇಟ್ಟದ್ದಕ್ಕಿಂತ ಮೂರನೇ ಒಂದು ಪಾಲಿಗಿಂತ ಹೆಚ್ಚು ದಿನ ಬಾಳ್ತದೆ, ಒಂದೇ ಒಂದು ಡಿಗ್ರಿಗೆ ಇಷ್ಟು ವ್ಯತ್ಯಾಸ! ಪ್ಲಸ್ 4, 5ಕ್ಕೆ ಹೋದ್ರೆ ಬಾಳಿಕೆ ಅರ್ಧಕ್ಕೂ ಕಮ್ಮಿ. ನಮ್ಮಲ್ಲಿ ತರಕಾರಿ, ದ್ರಾಕ್ಷಿ, ಸೇಬು ಎಲ್ಲ ಒಂದೇ ರೂಮಿಗೆ ತುಂಬಿ 4 ಡಿಗ್ರಿಗೆ ಸೆಟ್ ಮಾಡಿಡ್ತಾರೆ. ಒಂದು ವಾರದಲ್ಲಿ ಮಾರೋದಿದ್ರೆ ಸರಿ, ತಿಂಗಳು ಇಡೋದಿದ್ರೆ ಪಿಯರಿಗೆ ಅದು ಕೋಲ್ಡ್ ರೂಮೇ ಅಲ್ಲ.

ಆ ಅರ್ಧ ಡಿಗ್ರಿ ಕಾಯೋದು ಡಿಸ್‌ಪ್ಲೇ ನೋಡಿ ಅಲ್ಲ. ಗೋಡೆಯಲ್ಲಿರೋ ಸೆನ್ಸರ್ ತೋರಿಸೋದು ಅಲ್ಲಿನ ಗಾಳಿಯ ಉಷ್ಣತೆ. ಕಾಯಿಲಿನ (ರೂಮನ್ನು ತಂಪು ಮಾಡೋ ಪೈಪಿನ ಸುರುಳಿ) ಫ್ಯಾನಿನ ನೇರಕ್ಕೆ ಇರೋ ಮೇಲಿನ ಸಾಲಿನ ಬಾಕ್ಸಲ್ಲಿ ಹಣ್ಣು ಕಟ್ಟಿ ಹೋಗಿರ್ತದೆ, ಅದೇ ಹೊತ್ತಿಗೆ ಬಾಗಿಲ ಮೂಲೆಯ ಕೆಳಗಿನ ಬಾಕ್ಸಲ್ಲಿ 2 ಡಿಗ್ರಿ ಇರ್ತದೆ. ಸೂಜಿ ಥರ್ಮಾಮೀಟರನ್ನು ಹಣ್ಣಿನ ಒಳಗೆ ಚುಚ್ಚಿ ನೋಡ್ಬೇಕು, ಬಾಕ್ಸುಗಳನ್ನು ಗೋಡೆಗೆ ತಾಗಿಸದೆ, ಸಾಲಿನ ಮಧ್ಯೆ ಗಾಳಿ ಹೋಗ್ಲಿಕ್ಕೆ ಜಾಗ ಬಿಟ್ಟು ಇಡ್ಬೇಕು. ಇದನ್ನು ಹೇಳಿದ್ರೆ "ಜಾಗ ವೇಸ್ಟ್" ಅಂತಾರೆ.

ಮತ್ತೆ ಬೇಗ ತಂಪಾಗ್ಬೇಕು. 10 ಟನ್ ಪಿಯರನ್ನು 25 ಡಿಗ್ರಿಯಿಂದ ಸೊನ್ನೆಗೆ ಇಳಿಸ್ಲಿಕ್ಕೆ ತೆಗೀಬೇಕಾದ ಬಿಸಿ ಎಷ್ಟು ಗೊತ್ತುಂಟಾ, ಸುಮಾರು 2.8 ಟನ್ ಐಸ್ ಕರಗಿಸುವಷ್ಟು. ಮಲ್ಪೆಯವರಿಗೆ ಇದು ಕೂಡ್ಲೇ ಅರ್ಥ ಆಗ್ತದೆ. ಇದ್ರ ಮೇಲೆ ಹಣ್ಣು ಉಸಿರಾಡಿ ಬಿಡೋ ಬಿಸಿ ಬೇರೆ. ಅದಕ್ಕೇ ತೋಟದ ಹತ್ರದ ಪ್ಯಾಕ್‌ಹೌಸಲ್ಲಿ ದೊಡ್ಡ ಫ್ಯಾನ್ ಹಾಕಿ ಬಾಕ್ಸುಗಳ ಒಳಗಿಂದಲೇ ತಣ್ಣನೆ ಗಾಳಿ ಎಳೆಸ್ತಾರೆ. ಬಿಸಿ ಹಣ್ಣನ್ನು ಹಾಗೇ ರೀಫರ್ ಅನ್ನೋ ಫ್ರಿಜ್ ಕಂಟೇನರಿಗೆ ತುಂಬಿ ದಾರಿಯಲ್ಲಿ ತಂಪಾಗ್ಲಿ ಅಂದ್ರೆ ಆಗುವುದಿಲ್ಲ, ರೀಫರ್ ಇರೋದು ತಂಪಾದದ್ದನ್ನು ತಂಪಾಗೇ ಇಡ್ಲಿಕ್ಕೆ, ತಂಪು ಮಾಡ್ಲಿಕ್ಕೆ ಅಲ್ಲ.

ತೇವದ ಲೆಕ್ಕ ನನಗೆ ಇದ್ರಲ್ಲೆಲ್ಲ ಭಾರಿ ಇಷ್ಟದ್ದು. ಪಿಯರಲ್ಲಿ ನೂರಕ್ಕೆ 85 ಪಾಲಿನ ಹತ್ರ ನೀರು, ಅದ್ರಲ್ಲಿ 5 ಪಾಲು ಹೋದ್ರೆ ಕುತ್ತಿಗೆ ಹತ್ರ ಸುಕ್ಕು ಕಾಣ್ತದೆ. ರೂಮಿನ ಹ್ಯುಮಿಡಿಟಿ 90ರಿಂದ 95 ಇರ್ಬೇಕು ಅಂತಾರೆ. 95ರ ಬದ್ಲಿಗೆ 85 ಇದ್ರೆ ಎಂತ ಮಹಾ ಅಂತ ಅನ್ನಿಸ್ಬಹುದು, ಆದ್ರೆ ಹಣ್ಣಿಂದ ನೀರು ಎಳೆಯೋದು ಗಾಳಿ ತುಂಬ್ಲಿಕ್ಕೆ ಇನ್ನೂ ಎಷ್ಟು ಬಾಕಿ ಉಂಟು ಅನ್ನೋದು. 95ರಲ್ಲಿ ಬಾಕಿ 5, 85ರಲ್ಲಿ ಬಾಕಿ 15, ಅಲ್ಲಿಗೆ ನೀರು ಹೋಗೋದು ಮೂರು ಪಟ್ಟು. ಮಂಗ್ಳೂರಲ್ಲಿ ಹೇಗೂ ಹ್ಯುಮಿಡಿಟಿ ಜಾಸ್ತಿ, ಹೊರಗಿಟ್ರೂ ಒಣಗ್ಲಿಕ್ಕಿಲ್ಲ ಅಂತ ಕೆಲವರು ವಾದ ಮಾಡ್ತಾರೆ. 30 ಡಿಗ್ರಿಯ ಗಾಳಿ ಹಿಡಿಯೋ ನೀರು 0 ಡಿಗ್ರಿಯ ಗಾಳಿಗಿಂತ ಎಷ್ಟೋ ಪಟ್ಟು ಜಾಸ್ತಿ, ಹಾಗಾಗಿ 30 ಡಿಗ್ರಿಯಲ್ಲಿ 80 ಹ್ಯುಮಿಡಿಟಿ ಇದ್ರೂ ಆ ಎಳೆತ ಒಳ್ಳೆ ಕೋಲ್ಡ್ ರೂಮಿಗಿಂತ ಇಪ್ಪತ್ತೈದು ಪಟ್ಟಿಗಿಂತ ಮೇಲೆ.

ರೂಮಿನ ಒಳಗೆ ಹಣ್ಣನ್ನು ಒಣಗಿಸೋ ಕಳ್ಳ ಯಾರಂದ್ರೆ ಕಾಯಿಲ್. ರೂಮ್ 0 ಇರುವಾಗ ಕಾಯಿಲ್ ಮೈನಸ್ 8, 10ಕ್ಕೆ ಓಡ್ತಿದ್ರೆ ಗಾಳಿಯ ತೇವ ಎಲ್ಲ ಅದ್ರ ಮೇಲೆ ಐಸಾಗಿ ಕೂತ್ಕೊಳ್ತದೆ, ಗಾಳಿ ಒಣ ಆಗ್ತದೆ, ಮತ್ತೆ ಹಣ್ಣಿಂದ ನೀರು ಎಳೀತದೆ. ಡಿಫ್ರಾಸ್ಟ್ ಆಗುವಾಗ ಡ್ರೇನ್ ಪೈಪಿಂದ ಬಕೆಟ್ಟಿಗೆ ಟಪಟಪ ಬೀಳ್ತದಲ್ಲ ನೀರು, ಅದ್ರಲ್ಲಿ ಸ್ವಲ್ಪ ಬಾಗಿಲು ತೆಗೆದಾಗ ಒಳಗೆ ಬಂದ ಮಂಗ್ಳೂರಿನ ಗಾಳಿಯದ್ದು, ಉಳಿದದ್ದು ಹಣ್ಣಿನದ್ದು. ಹಣ್ಣಿನದ್ದು ಒಂದು ಲೀಟರ್ ಅಂದ್ರೆ ಒಂದು ಕಿಲೋ ತೂಕ, ಕೊಟ್ಟ ದುಡ್ಡು ಡ್ರೇನಿಗೆ ಹೋಯ್ತು. ಇದಕ್ಕೆ ಪರಿಹಾರ ದೊಡ್ಡ ಕಾಯಿಲ್, ಕಾಯಿಲಿಗೂ ರೂಮಿಗೂ ಎರಡು ಮೂರು ಡಿಗ್ರಿಯ ಮಾತ್ರ ವ್ಯತ್ಯಾಸ. ಖರ್ಚು ಜಾಸ್ತಿ ಅಂತ ಸಣ್ಣ ಕಾಯಿಲ್ ಹಾಕಿಸ್ಕೊಳ್ತಾರೆ, ಆಮೇಲೆ ನೆಲಕ್ಕೆ ನೀರು ಚಿಮುಕಿಸ್ತಾರೆ. ಹೊರದೇಶದ ಬಾಕ್ಸ್ ತೆರೆದಾಗ ಒಳಗೆ ತೆಳು ಪ್ಲಾಸ್ಟಿಕ್ ಚೀಲ, ಅದ್ರಲ್ಲಿ ಸಣ್ಣ ಸಣ್ಣ ತೂತು ಇರ್ತದೆ ನೋಡಿ, ಅದೂ ಇದೇ ಕೆಲಸಕ್ಕೆ. ತೂತು ಇಲ್ಲದಿದ್ರೆ ಹಣ್ಣು ತಾನು ಬಿಟ್ಟ ಗಾಳಿಯಲ್ಲೇ ಉಸಿರು ಕಟ್ಟಿ ಹಾಳಾಗ್ತದೆ.

ಗಾಳಿಯ ಆಟ ಹಳೇದು. ಆಕ್ಸಿಜನ್ ಇಲ್ಲದಿದ್ರೆ ಹಣ್ಣು ಹಣ್ಣಾಗುವುದಿಲ್ಲ ಅಂತ ಫ್ರಾನ್ಸಿನ ವಿಜ್ಞಾನಿ ಬೆರಾರ್ 1821ರಲ್ಲೇ ತೋರಿಸಿದ್ದ. ಅದನ್ನು ಸರಿಯಾಗಿ ಅಳೆದು ನೋಡಿದ್ದು ಕೇಂಬ್ರಿಡ್ಜಿನ ಕಿಡ್ ಮತ್ತೆ ವೆಸ್ಟ್, 1920ರ ದಶಕದಲ್ಲಿ, ಅವರ ಕೆಲಸದ ಮೇಲೆ 1929ರಲ್ಲಿ ಇಂಗ್ಲೆಂಡಿನ ಕೆಂಟಲ್ಲಿ ವ್ಯಾಪಾರಕ್ಕೆ ಅಂತ ಒಳಗಿನ ಗಾಳಿ ಬದಲಾಯಿಸಿ ಹಣ್ಣು ಇಡೋ ಮೊದಲ ಗ್ಯಾಸ್ ಸ್ಟೋರ್ ಎದ್ದಿತು. ಈಗ ಇದನ್ನು ಸಿಎ (ಕಂಟ್ರೋಲ್ಡ್ ಅಟ್ಮಾಸ್ಫಿಯರ್) ಸ್ಟೋರ್ ಅಂತಾರೆ, ಕಾಶ್ಮೀರದ ಪುಲ್ವಾಮಾದ ಲಸ್ಸಿಪೋರಾದಲ್ಲಿ ಸೇಬಿಗೆ ಅಂತ ಸಾಲು ಸಾಲು ಉಂಟು. ನಾವು ಉಸಿರಾಡೋ ಗಾಳಿಯಲ್ಲಿ ಆಕ್ಸಿಜನ್ ನೂರಕ್ಕೆ 21 ಪಾಲು, ಪಿಯರಿನ ಸಿಎ ರೂಮಲ್ಲಿ 1ರಿಂದ 2 ಮಾತ್ರ. ಗ್ಯಾಸ್ ಹೊರಗೆ ಹೋಗದ ಹಾಗೆ ರೂಮನ್ನು ಸೀಲ್ ಮಾಡಿ ನೈಟ್ರೋಜನ್ ತುಂಬಿಸ್ತಾರೆ. ಹಣ್ಣು ಬಿಟ್ಟ ಕಾರ್ಬನ್ ಡೈಆಕ್ಸೈಡನ್ನು ತೆಗೀಲಿಕ್ಕೆ ಈಗ ಮೆಷಿನ್ ಉಂಟು, ಇಲ್ಲದ ಕಡೆ ಸುಣ್ಣದ ಹುಡಿಯ ಚೀಲ ಇಡ್ತಾರೆ, ಸುಣ್ಣ ಅದನ್ನು ಹೀರ್ಕೊಳ್ತದೆ. ಈ ರೂಮಿಗೆ ಬಾಗಿಲು ತೆಗೆದು "ಒಮ್ಮೆ ನೋಡಿ ಬರ್ತೇನೆ" ಅಂತ ನುಗ್ಗಿದವ ಎರಡು ಮೂರು ಉಸಿರಲ್ಲೇ ಪ್ರಜ್ಞೆ ತಪ್ಪಿ ಬೀಳ್ತಾನೆ, ಎತ್ತಲಿಕ್ಕೆ ಹೋದವನೂ ಬೀಳ್ತಾನೆ. ವಾಸನೆ ಇಲ್ಲ, ಉಸಿರು ಕಟ್ಟಿದ ಹಾಗೂ ಆಗುವುದಿಲ್ಲ. ಅದಕ್ಕೇ ಬಾಗಿಲಿಗೆ ಬೀಗ ಹಾಕಿ, ಅಪಾಯದ ಬೋರ್ಡ್ ನೇತಾಕಿಯೇ ಇಡೋದು.

ಪಿಯರಿನ ಒಳಗೆ ಗಾಳಿಯ ಜಾಗ ಭಾರಿ ಕಮ್ಮಿ. ಸೇಬಿನ ಗಾತ್ರದಲ್ಲಿ ಕಾಲು ಭಾಗದಷ್ಟು ಬರೀ ಗಾಳಿ, ಅದಕ್ಕೇ ಸೇಬು ನೀರಲ್ಲಿ ತೇಲ್ತದೆ, ಪಿಯರ್ ಸರಿಯಾಗಿ ತೇಲುವುದಿಲ್ಲ, ಪ್ಯಾಕ್‌ಹೌಸಿನವರು ತೊಟ್ಟಿಯ ನೀರಿಗೆ ಲವಣ ಹಾಕಿ ನೀರನ್ನೇ ಭಾರ ಮಾಡಿ ಅದನ್ನು ತೇಲಿಸ್ತಾರೆ. ಗಾಳಿಯ ದಾರಿ ಇಲ್ಲದ ಕಾರಣ ಒಳಗೆ ಹುಟ್ಟಿದ ಕಾರ್ಬನ್ ಡೈಆಕ್ಸೈಡು ಹೊರಗೆ ಬರೋದು ಕಷ್ಟ, ರೂಮಲ್ಲೂ ಅದು ಜಾಸ್ತಿ ಇದ್ರೆ ಬೀಜದ ಸುತ್ತ ಕಂದಾಗ್ತದೆ, ಹೊರಗಿಂದ ಎಂತದೂ ಕಾಣುವುದಿಲ್ಲ, ಕತ್ತರಿಸಿದಾಗಲೇ ಗೊತ್ತಾಗೋದು. ಆದ್ರಿಂದ ಪಿಯರಿಗೆ ಕಾರ್ಬನ್ ಡೈಆಕ್ಸೈಡು 1 ಪಾಲಿನ ಒಳಗೇ ಇಡೋದು, ಸೇಬಿನ ಸೆಟ್ಟಿಂಗನ್ನೇ ಪಿಯರಿಗೂ ಕೊಟ್ರೆ ಲಾಸ್.

ಈಗ ಆ ಕೆಮಿಕಲ್. ಹೆಸರು 1-ಎಂಸಿಪಿ, ಅಮೆರಿಕದ ನಾರ್ತ್ ಕೆರೊಲಿನಾ ಸ್ಟೇಟ್ ಯೂನಿವರ್ಸಿಟಿಯಲ್ಲಿ ಸಿಸ್ಲರ್ ಮತ್ತೆ ಬ್ಲ್ಯಾಂಕನ್‌ಶಿಪ್ ಕಂಡುಹಿಡಿದದ್ದು, 2002ರಲ್ಲಿ ಅಲ್ಲಿ ತಿನ್ನೋ ಹಣ್ಣಿಗೆ ಪರ್ಮಿಶನ್ ಸಿಕ್ತು. ಇದೊಂದು ಗ್ಯಾಸ್, ಎಥಿಲೀನ್ ಹೋಗಿ ಕೂರೋ ಜಾಗದಲ್ಲಿ ಮೊದಲೇ ಹೋಗಿ ಕೂತ್ಕೊಳ್ತದೆ, ಆಮೇಲೆ ಎಥಿಲೀನ್ ಎಷ್ಟು ಬಾಗಿಲು ತಟ್ಟಿದ್ರೂ ಹಣ್ಣಿಗೆ ಕೇಳುವುದಿಲ್ಲ. ಗಾಳಿಯ ನೂರು ಕೋಟಿ ಪಾಲಲ್ಲಿ ಕೆಲವು ನೂರು ಪಾಲು ಇದ್ರೆ ಸಾಕು. ಸೇಬಿಗೆ ಅದ್ಭುತ, ಯಾಕಂದ್ರೆ ಸೇಬು ಗರಿಗರಿ ಇದ್ರೇ ಚಂದ. ಪಿಯರಿಗೆ ಇದು ಇಕ್ಕಟ್ಟು. ಡೋಸ್ ಸ್ವಲ್ಪ ಜಾಸ್ತಿ ಆದ್ರೆ ಹಣ್ಣು ಯಾವತ್ತೂ ಮೆತ್ತಗಾಗುವುದಿಲ್ಲ, ಹಸಿರು ಕಲ್ಲಾಗೇ ಉಳೀತದೆ. ಕಮ್ಮಿ ಆದ್ರೆ ಕೆಲಸ ಮಾಡುವುದಿಲ್ಲ. ತಡೆಯೋದು ಸುಲಭ, ಬೇಕಾದಾಗ ಬಿಟ್ಟುಕೊಡೋ ಹಾಗೆ ತಡೆಯೋದು ಕಷ್ಟ. ವಾರ ಇಟ್ರೂ ಹಣ್ಣಾಗದ ಪಿಯರ್ ಸಿಕ್ಕಿದ್ರೆ ಒಂದು ಕಾರಣ ಇದೂ ಇರ್ಬಹುದು.

ಬೂಷ್ಟು ಹಿಡಿಯೋದರ ಬಗ್ಗೆ ಚುಟುಕಾಗಿ ಹೇಳಿದ್ರೆ, ನೀಲಿ ಬೂಷ್ಟಿಗೆ ಗಾಯ ಬೇಕು, ತೊಟ್ಟಿನ ಚೂಪು ಪಕ್ಕದ ಹಣ್ಣಿಗೆ ಚುಚ್ಚಿದ್ರೂ ಸಾಕು. ಬೂದು ಬೂಷ್ಟಂತೂ ಮೈನಸ್ 1ರಲ್ಲೂ ನಿಧಾನಕ್ಕೆ ಬೆಳೀತಾ ಒಂದು ಹಣ್ಣಿಂದ ಇನ್ನೊಂದಕ್ಕೆ ದಾಟಿ ಗುಂಪು ಗುಂಪೇ ಕೊಳೆಸ್ತದೆ, ಒಂದೊಂದು ಹಣ್ಣಿಗೂ ಬೇರೆ ಬೇರೆ ಕಾಗದ ಸುತ್ತೋದು ಈ ದಾಟಾಟ ತಪ್ಪಿಸ್ಲಿಕ್ಕೆ.

ಇಷ್ಟೆಲ್ಲ ಕಾದು ತಂದ ಹಣ್ಣು ಹಾಳಾಗೋದು ಹೆಚ್ಚಾಗಿ ನಮ್ಮೂರಿಗೆ ಬಂದ ಮೇಲೆ, ಕೊನೆಯ ಕೆಲವೇ ದಿನದಲ್ಲಿ. ಜುಲೈಯಲ್ಲಿ ಇಲ್ಲಿನ ಗಾಳಿ 23, 24 ಡಿಗ್ರಿಗಿಂತ ತಣ್ಣಗಿರೋ ಯಾವುದಕ್ಕೆ ತಾಗಿದ್ರೂ ನೀರು ಬಿಡ್ತದೆ. ಸೊನ್ನೆ ಡಿಗ್ರಿಯ ಬಾಕ್ಸನ್ನು ಬೈಕಂಪಾಡಿ ಯಾರ್ಡಲ್ಲಿ ಲಾರಿಯಿಂದ ಇಳಿಸಿ ಹತ್ತು ನಿಮಿಷ ಬಿಡಿ, ಹಣ್ಣಿನ ಮೇಲೆಲ್ಲ ನೀರಿಳೀತದೆ, ಕಾಗದದ ಸುತ್ತು ಅಂಟ್ಕೊಳ್ತದೆ, ರಟ್ಟು ಮೆತ್ತಗಾಗಿ ಕೆಳಗಿನ ಬಾಕ್ಸ್ ಕುಸೀತದೆ. ಹಾಗೆ ಒದ್ದೆಯಾದದ್ದನ್ನು ವಾಪಸ್ ಕೋಲ್ಡ್ ರೂಮಿಗೆ ತಳ್ಳೋದು ಎಲ್ಲಕ್ಕಿಂತ ಕೆಟ್ಟದ್ದು, ನೀರು ಆರುವುದಿಲ್ಲ, ಬೂಷ್ಟಿಗೆ ಹಬ್ಬ. ಆ ದಿನ ಮಾರೋವಷ್ಟನ್ನೇ ಹೊರಗೆ ತೆಗೀಬೇಕು, ಸಾಧ್ಯ ಇದ್ರೆ ಹತ್ತು ಹನ್ನೆರಡು ಡಿಗ್ರಿಯ ಮುಂದಿನ ರೂಮಲ್ಲಿ ಒಂದು ರಾತ್ರಿ ಇಟ್ಟು ಆಮೇಲೆ ಹೊರಗೆ.

ಇನ್ನೊಂದು ನಾನು ಕಣ್ಣಾರೆ ಕಂಡದ್ದು. ಒಬ್ಬ ವ್ಯಾಪಾರಿಯ ಕಂಪ್ಲೇಂಟ್, ಪಿಯರ್ ಬೇಗ ಹಳದಿ ಆಗ್ತಿದೆ, ಕೂಲಿಂಗ್ ಸರಿ ಇಲ್ಲ ಅಂತ. ಮೀಟರ್ ಹಿಡಿದು ನೋಡಿದ್ರೆ ಮೈನಸ್ ಅರ್ಧ, ಎಂತದೂ ತೊಂದ್ರೆ ಇಲ್ಲ. ಪಕ್ಕದಲ್ಲೇ ಬಾಳೆ ಹಣ್ಣು ಮಾಡೋ ಚೇಂಬರ್, ಎರಡಕ್ಕೂ ಒಂದೇ ಪ್ಯಾಸೇಜ್, ಸ್ಟ್ರಿಪ್ ಕರ್ಟನಿನ ಪಟ್ಟಿ ಅರ್ಧ ಹರಿದು ಹೋಗಿತ್ತು. ಬಾಳೆಗೆ ಬಿಡೋ ಎಥಿಲೀನ್ ಎಲ್ಲ ಬಾಗಿಲು ತೆಗೆದಾಗೆಲ್ಲ ಪಿಯರ್ ರೂಮಿಗೆ! ಕಾಯಿ ಹಣ್ಣು ಮಾಡ್ಲಿಕ್ಕೆ ಕ್ಯಾಲ್ಸಿಯಂ ಕಾರ್ಬೈಡ್ ನಿಷೇಧ ಇರೋದ್ರಿಂದ ಎಥಿಲೀನ್ ಬಳಸೋದು ಸರಿಯಾದ ಕ್ರಮವೇ, ಆಹಾರ ಸುರಕ್ಷತೆ ನೋಡೋ ಕೇಂದ್ರದ ಎಫ್‌ಎಸ್‌ಎಸ್‌ಎಐ 100 ಪಿಪಿಎಂವರೆಗೆ (ಹತ್ತು ಲಕ್ಷ ಪಾಲು ಗಾಳಿಗೆ 100 ಪಾಲು) ಒಪ್ಪಿದೆ, ಆದ್ರೆ ಬಾಳೆಗೆ ಒಳ್ಳೆದಾದದ್ದು ಪಕ್ಕದ ರೂಮಿನ ಪಿಯರಿಗೆ ಕಾಲ ಮುಗೀತು ಅಂತ ಹೇಳಿದ ಹಾಗೆ. ಕಂಪ್ರೆಸರ್ ಮುಟ್ಟದೆ ಬಾಗಿಲು ಬದಲಾಯಿಸ್ಲಿಕ್ಕೆ ಹೇಳಿ ಬಂದೆ.

ಮನೆಗೆ ತಂದ ಮೇಲೆ? ಗಟ್ಟಿ ಪಿಯರನ್ನು ಸೀದಾ ಫ್ರಿಜ್ಜಿಗೆ ಹಾಕ್ಬೇಡಿ, ಕಚ್ಚಿ ತಿಂದು "ಸಪ್ಪೆ" ಅಂತಲೂ ಹೇಳ್ಬೇಡಿ, ಅದು ಇನ್ನೂ ಹಣ್ಣಾಗಿಲ್ಲ. ಹೊರಗಿಡಿ. ಪಿಯರ್ ಚಂದ ಹಣ್ಣಾಗೋದು 18ರಿಂದ 21 ಡಿಗ್ರಿಯಲ್ಲಿ, 30 ದಾಟಿದ್ರೆ ಹದ ಕೆಡ್ತದೆ, ಹಾಗಾಗಿ ಏಪ್ರಿಲ್ ಮೇಯಲ್ಲಿ ಅಡಿಗೆ ಮನೆ ಬೇಡ, ಎಸಿ ರೂಮ್ ಇದ್ರೆ ಅಲ್ಲಿ, ಇಲ್ಲದಿದ್ರೆ ಮನೆಯ ತಂಪು ಮೂಲೆಯಲ್ಲಿ ಇಡಿ. ಅರ್ಜೆಂಟ್ ಇದ್ರೆ ಕಾಗದದ ಚೀಲದಲ್ಲಿ ಒಂದು ಬಾಳೆಹಣ್ಣಿನ ಜೊತೆ. ಬಾರ್ಟ್ಲೆಟ್ ಹಳದಿ ಆಗ್ತದೆ, ಆಂಜೂ ಹಸಿರಾಗೇ ಇರ್ತದೆ, ಬಣ್ಣ ನಂಬ್ಲಿಕ್ಕಾಗುವುದಿಲ್ಲ. ಹೊಟ್ಟೆ ಒತ್ತಿ ನೋಡೋದೂ ಬೇಡ, ಒತ್ತಿದ ಜಾಗ ಮರುದಿನ ಕಪ್ಪಾಗ್ತದೆ, ಅಂಗಡಿಯವರಿಗೂ ಬೇಜಾರು. ತೊಟ್ಟಿನ ಬುಡದಲ್ಲಿ ಕುತ್ತಿಗೆಯನ್ನು ಹೆಬ್ಬೆರಳಲ್ಲಿ ಮೆಲ್ಲಗೆ ಒತ್ತಿ, ಸ್ವಲ್ಪ ಬಗ್ಗಿದ್ರೆ ರೆಡಿ, ಒಳಗಿಂದ ಹಣ್ಣಾಗೋದಾದ್ರಿಂದ ಹೊಟ್ಟೆ ಮೆತ್ತಗಾಗೋವರೆಗೆ ಕಾದ್ರೆ ತಡ ಆಯ್ತು. ಆಮೇಲೆ ಫ್ರಿಜ್ಜಿಗೆ, ಎರಡು ಮೂರು ದಿನದೊಳಗೆ ತಿನ್ನಿ.

ಮೆತ್ತಗಾಗ್ಲಿಕ್ಕೆ ಕಾಯೋ ಈ ಕ್ರಮ ನಾಖ್ ಅಂತ ಉತ್ತರದಿಂದ ಬರೋ ದುಂಡಗಿನ, ಗರಿಗರಿ ಜಾತಿಗೆ ಲಾಗೂ ಆಗುವುದಿಲ್ಲ. ಅದು ಏಷ್ಯಾದ ಪಿಯರ್, ಮರದಲ್ಲೇ ತಿನ್ನೋ ಹದಕ್ಕೆ ಬರ್ತದೆ, ತಂದ ದಿನವೇ ಕತ್ತರಿಸಿ ಉಪ್ಪು ಮೆಣಸಿನ ಹುಡಿ ಹಾಕಿ ತಿನ್ಬಹುದು, ಮೆತ್ತಗಾಗ್ಲಿ ಅಂತ ಕಾಯ್ತಾ ಕೂತ್ರೆ ಬಾಡಿದ್ದು ಮಾತ್ರ ಸಿಗ್ತದೆ.